ಒಂದು ಗೇಣು ಕಮ್ಮಿ

"ಟೋಪಿ ಎರಡೇ ಇಟ್ರೆ ಮೇಜು ಬಣಬಣ ಅನ್ಸುತ್ತೆ ಓರಿನ್. ಮೂರು ಇರ್ಲೇಬೇಕು," ಎನ್ನುತ್ತ ಶಾಲೆಯ ಅಡುಗೆಮನೆಯ ಬರ್ನೀಸ್ ಬಿಳಿ ಹಾಸಿನ ಸುಕ್ಕನ್ನು ಅಂಗೈಯಿಂದ ತೀಡಿದಳು.

"ಅವನನ್ನ ಕರ್ದಿರೋದು ಒಂದೇ ಕಾಲೇಜಲ್ವೇನಮ್ಮ?"

"ಅದು ನಿಂಗೂ ಗೊತ್ತು, ನಂಗೂ ಗೊತ್ತು, ಊರಿಗೆಲ್ಲ ಗೊತ್ತು. ಆದ್ರೂ ಅವ್ನು ಮೊದ್ಲು ಕೆಂಪು ಟೋಪಿ ಮುಟ್ಬೇಕು, ಜನ ಅಯ್ಯೋ ಅನ್ಬೇಕು, ಆಮೇಲೆ ನೀಲಿದು ಎತ್ತಿ ತಲೆ ಮೇಲೆ ಇಟ್ಕೋಬೇಕು. ಇಲ್ದಿದ್ರೆ ಏನು ಮಜಾ ಇರುತ್ತೆ, ಹೇಳು?"

ಓರಿನ್ ಟ್ಯಾಕೆಟ್ ನಕ್ಕು, ಚೀಲದಿಂದ ಮೂರನೆಯ ಟೋಪಿಯನ್ನೂ ತೆಗೆದು ಇಟ್ಟ. ಶಾಲೆಯ ಜಿಮ್ಮಿನಲ್ಲಿ ಅವರಿಬ್ಬರೇ ಇದ್ದರು. ನಾಳೆ ಫೆಬ್ರವರಿಯ ಮೊದಲ ಬುಧವಾರ, ಆಟಗಾರ ಹುಡುಗರು ತಮ್ಮನ್ನು ಕರೆದ ಕಾಲೇಜುಗಳ ಟೋಪಿಗಳಲ್ಲಿ ಒಂದನ್ನು ಆರಿಸಿ ತಲೆಗಿಟ್ಟುಕೊಂಡು, ಆ ಕಾಲೇಜಿನ ಕಾಗದಕ್ಕೆ ಸಹಿ ಹಾಕುವ ದಿನ. ಓರಿನ್‌ನ ಮಗಳ ಮಗ ಕೋಲ್ಬಿ ಈ ಮೇಜಿನ ಹಿಂದೆ ಕೂರುವವನಿದ್ದ. ಹ್ಯಾರೊ ಬೆಂಡ್ ಊರಿನಿಂದ ಅವನನ್ನು ಕರೆದಂಥ ದೊಡ್ಡ ಯೂನಿವರ್ಸಿಟಿಗೆ ಆಡಲು ಹೋದವರು ಹತ್ತೊಂಬತ್ತು ವರ್ಷದಿಂದ ಯಾರೂ ಇರಲಿಲ್ಲ. ಉಕ್ಕಿನ ಕಾರ್ಖಾನೆ ಮುಚ್ಚಿ ಬಹಳ ಕಾಲವಾಗಿತ್ತು. ಕಲ್ಲಿದ್ದಲಿನ ದೋಣಿಗಳು ಈಗ ನಿಲ್ಲದೆ ಹೊಳೆಗುಂಟ ಹೊರಟುಹೋಗುತ್ತಿದ್ದವು. ಊರಿಗೆ ಉಳಿದಿದ್ದೆಂದರೆ ಶುಕ್ರವಾರ ಸಂಜೆಯ ಫುಟ್ಬಾಲು, ಚೆಂಡನ್ನು ಕೈಯಲ್ಲಿ ಅವುಚಿಕೊಂಡು ನುಗ್ಗುವ ಅಮೆರಿಕದ ಆಟ.

ಓರಿನ್ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ದೋಣಿಗೆ ಸೇರಿದವನು. ಆದರೆ ಶಾಲೆಯ ಮೈದಾನವನ್ನು ಮಾತ್ರ ಬಿಟ್ಟಿರಲಿಲ್ಲ. ಮೂವತ್ತೊಂದು ವರ್ಷದಿಂದ ಗೆರೆಯ ಪಕ್ಕ ನಿಂತು, ಚೆಂಡು ಹತ್ತು ಗಜ ಮುಂದಕ್ಕೆ ಹೋಯಿತೇ ಎಂದು ಅಳೆಯುವ ಸರಪಳಿಯ ಒಂದು ತುದಿಯ ಕೋಲು ಹಿಡಿಯುತ್ತಿದ್ದ. ಸರಪಳಿ ಹಿಡಿದವರು ಅಂಪೈರಿನ ಕಡೆಯವರು. ಕೂಗುವ ಹಾಗಿಲ್ಲ, ಚಪ್ಪಾಳೆ ತಟ್ಟುವ ಹಾಗಿಲ್ಲ. ಕಣ್ಣೆದುರಿಗೇ ಕೋಲ್ಬಿ ಇಬ್ಬರನ್ನು ಎತ್ತಿ ಮಗುಚಿ ಚೆಂಡು ಹಿಡಿದವನ ಮೇಲೆ ಬಿದ್ದಾಗ ಇಡೀ ಊರು ಎದ್ದು ಕುಣಿಯುತ್ತಿತ್ತು. ಓರಿನ್ ಮಾತ್ರ ಕೋಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಮುಖ ಗಂಟು ಹಾಕಿಕೊಂಡು ನಿಂತಿರುತ್ತಿದ್ದ.

ಜಿಮ್ಮಿನ ಬಾಗಿಲು ಒಂದಿಷ್ಟೇ ತೆರೆಯಿತು. ಯೂನಿವರ್ಸಿಟಿಯ ಕೋಚ್ ಹಾಲೊವೇ ತಲೆ ಹಾಕಿ, ಓರಿನ್‌ನನ್ನು ಬೆರಳಲ್ಲಿ ಕರೆದ.

ಈ ಹಾಲೊವೇ ಎರಡು ಸಲ ಅವರ ಮನೆಗೆ ಬಂದು ಉಂಡವನು. ಓರಿನ್‌ನ ಮಗಳು ಡಾರ್ಲೀನ್ ಮಾಡಿದ ಕೋಳಿ ಸಾರನ್ನು ಮೂರು ಬಾರಿ ಬಡಿಸಿಕೊಂಡಿದ್ದ. ಹುಡುಗ ಇನ್ನೆಷ್ಟು ಬೆಳೆಯಬಹುದೆಂದು ಅಂದಾಜಿಸಲು ಅವಳ ಅಣ್ಣತಮ್ಮಂದಿರು ಎಷ್ಟು ಎತ್ತರ ಎಂದು ಕೇಳಿ ಬರೆದುಕೊಂಡಿದ್ದ. ಅಡುಗೆಮನೆಯ ಮೇಜಿನ ಮೇಲೆ ಕೋಲ್ಬಿಯ ಕೈ ಬಿಡಿಸಿ, ಹೆಬ್ಬೆರಳಿಂದ ಕಿರುಬೆರಳಿಗೆ ಟೇಪು ಹಿಡಿದು, "ಅಬ್ಬಬ್ಬ, ಇದೇನ್ ಕೈನಪ್ಪ, ಸಲಿಕೆನಾ!" ಎಂದು ಎಲ್ಲರನ್ನೂ ನಗಿಸಿದ್ದ. ಇವತ್ತು ಅವನ ಮುಖದಲ್ಲಿ ಆ ಕಳೆ ಇರಲಿಲ್ಲ. ಕಾರಿನೊಳಗೆ ಕೂರಿಸಿಕೊಂಡು, ಕೈಯನ್ನು ಸ್ಟೀರಿಂಗಿನ ಮೇಲಿಂದ ತೆಗೆಯದೆಯೇ ಮಾತಾಡಿದ.

"ಯಜಮಾನ್ರೇ, ಇದನ್ನ ಫೋನಲ್ಲಿ ಹೇಳೋಕೆ ಮನಸ್ಸಾಗ್ಲಿಲ್ಲ. ಅದಕ್ಕೇ ಮೂರು ಗಂಟೆ ಗಾಡಿ ಓಡಿಸ್ಕೊಂಡು ಬಂದೆ. ಹುಡುಗನ ಮಾರ್ಕ್ಸ್ ಕಾಗದ ಸೆಪ್ಟೆಂಬರಿಂದ ಕೇಳ್ತಾನೇ ಇದ್ವಿ. ನಿಮ್ಮ ಸ್ಕೂಲಿಂದ ಕೈ ಸೇರಿದ್ದು ಹೋದ ವಾರ. ಪಾಸಾಗ್ಲಿಲ್ಲ."

"ಪಾಸಾಗ್ಲಿಲ್ಲ ಅಂದ್ರೆ? ಅವನು ಒಂದು ಸಬ್ಜೆಕ್ಟೂ ಫೇಲಾಗಿಲ್ಲ ಸರ್."

"ಇಲ್ಲಿ ಫೇಲಾಗಿಲ್ಲ. ಆದ್ರೆ ಹತ್ತನೇ ಕ್ಲಾಸಲ್ಲಿ ಅವನು ಬೀಜಗಣಿತ ಬಿಟ್ಟು 'ದಿನಬಳಕೆ ಲೆಕ್ಕ' ಅಂತ ತಗೊಂಡಿದಾನೆ. ಚೆಕ್ಕು ಬರೆಯೋದು, ಗೋಡೆಗೆ ಬಣ್ಣ ಎಷ್ಟು ಬೇಕು ಅಳೆಯೋದು. ಅದು ನಮ್ಮ ಲೆಕ್ಕಕ್ಕೆ ಬರಲ್ಲ. ಒಂದು ಕಮ್ಮಿ ಬೀಳುತ್ತೆ."

"ಒಂದು ತಾನೆ? ಬೇಸಿಗೇಲಿ ಓದಿ ಬರೀತಾನೆ."

"ಕೊನೇ ವರ್ಷ ಶುರುವಾಗೋ ಮುಂಚೆ ಮುಗಿಸಿರ್ಬೇಕಿತ್ತು. ರೂಲು ಹಾಗಿದೆ. ಈಗ ನಾನಲ್ಲ, ನಮ್ಮ ದೊಡ್ಡವರು ಬಂದ್ರೂ ಆಗಲ್ಲ." ಹಾಲೊವೇ ಮೂಗುಜ್ಜಿಕೊಂಡ. "ಅವನ ಜಾಗಕ್ಕೆ ಬೇರೆಯವನನ್ನ ಬೆಳಗ್ಗೆನೇ ಹಿಡ್ಕೊಂಡ್ರು. ಕಾನ್ಸಾಸ್ ಕಡೆ ಎರಡು ವರ್ಷದ ಕಾಲೇಜಿದೆ, ಒಂದು ಮಾತು ಹೇಳಿ ನೋಡ್ತೀನಿ. ಗ್ಯಾರಂಟಿ ಇಲ್ಲ. ಅಲ್ಲ ಯಜಮಾನ್ರೇ, ಅಂಥ ಹುಡುಗನ್ನ ಆ ಕ್ಲಾಸಿಗೆ ಹಾಕಿದ ಪುಣ್ಯಾತ್ಮ ಯಾರು?"

ಓರಿನ್ ಕಾರಿನ ಗಾಜಿನಾಚೆ ನೋಡಿದ. ಶಾಲೆಯ ಬೋರ್ಡಿನ ಮೇಲೆ ಕೂಲಿಯವನೊಬ್ಬ ಏಣಿ ಹತ್ತಿ 'ಕೋಲ್ಬಿ' ಎಂಬ ಅಕ್ಷರಗಳನ್ನು ಒಂದೊಂದಾಗಿ ಸಿಕ್ಕಿಸುತ್ತಿದ್ದ.

"ಗೊತ್ತಿಲ್ಲ ಸರ್," ಎಂದ.

ಗೊತ್ತಿಲ್ಲದೆ ಏನು. ಎರಡೂಕಾಲು ವರ್ಷದ ಹಿಂದೆ, ಅಕ್ಟೋಬರಿನಲ್ಲಿ, ಹೊಳೆಯಾಚೆಯ ಬೆಲ್ಫೋರ್ಡ್ ಮೇಲಿನ ಆಟಕ್ಕೆ ಹತ್ತು ದಿನ ಮುಂಚೆ, ಕೋಲ್ಬಿ ಬೀಜಗಣಿತದಲ್ಲಿ ಮುಗ್ಗರಿಸಿದ್ದ. ಫೇಲಾದವರು ಆಟಕ್ಕಿಳಿಯುವಂತಿಲ್ಲ. ಲೆಕ್ಕದ ಟೀಚರು ಮಿಸೆಸ್ ಪೆಟ್ರೋನಿ ಮನೆಗೇ ಫೋನು ಮಾಡಿದ್ದರು. "ಎರಡು ಆಟ ಹೊರಗಡೆ ಕೂರ್ಲಿ. ಮಂಗಳವಾರ, ಗುರುವಾರ ಸ್ಕೂಲು ಬಿಟ್ಮೇಲೆ ನನ್ನ ಹತ್ರ ಕಳ್ಸಿ. ಕ್ರಿಸ್‌ಮಸ್ ಹೊತ್ತಿಗೆ ದಡ ಸೇರಿಸ್ತೀನಿ," ಎಂದಿದ್ದರು. ಡಾರ್ಲೀನ್‌ಗೆ ವೃದ್ಧಾಶ್ರಮದಲ್ಲಿ ಎರಡೆರಡು ಪಾಳಿ. ಮನೆಯ ದೊಡ್ಡವನು ಓರಿನ್. ಅವನು ಹೋಟೆಲಿನಲ್ಲಿ ಈ ಮಾತು ಎತ್ತಿದ್ದೇ ತಡ, ಕಾಫಿ ಕುಡಿಯುತ್ತಿದ್ದವರೆಲ್ಲ ಹೋ ಎಂದರು.

"ಎರಡು ಆಟ ಅಂತೆ! ಆಯಮ್ಮ ಫುಟ್ಬಾಲು ಅಂದ್ರೆ ಕುಂಬಳಕಾಯಿ ಅನ್ಕೊಂಡವ್ಳೆ."

"ಕ್ಲಾಸ್ ಬದಲಾಯ್ಸಿಬಿಡಪ್ಪ ಓರಿನ್. ಹೋದ ವರ್ಷ ನಮ್ಮ ಹುಡುಗಂಗೂ ಹಂಗೇ ಮಾಡ್ಸಿದ್ದು. ಒಂದು ಚೀಟಿ, ಒಂದು ಸಹಿ, ಮುಗೀತು."

ಓರಿನ್ ಹೋಗಿ ಸಹಿ ಹಾಕಿ ಬಂದ. ಚೀಟಿಯಲ್ಲಿ ಏನೇನು ಬರೆದಿದೆ ಎಂದು ಕೇಳಲಿಲ್ಲ. ಆ ವಾರ ಹೋಟೆಲಿನಲ್ಲಿ ಅವನ ಕೈಯಿಂದ ಕಾಫಿಗೆ ಯಾರೂ ಕಾಸು ತೆಗೆದುಕೊಳ್ಳಲಿಲ್ಲ. ಆ ಚಳಿಗಾಲ ಹಿಮ ತಳ್ಳುವ ಗಾಡಿಯ ಡುಯೇನ್ ಇಡೀ ಬೀದಿ ಬಳಿದುಕೊಂಡು ಬಂದು, ತಳ್ಳಿದ ಹಿಮವನ್ನೆಲ್ಲ ಪೆಟ್ರೋನಿ ಟೀಚರ ಮನೆಯ ಗೇಟಿನ ಬಾಯಿಗೇ ಗುಡ್ಡೆ ಹಾಕಿ ಹೋಗುತ್ತಿದ್ದ. ಆಕೆ ಬೆಳಗಾಗೆದ್ದು ಸಲಿಕೆ ಹಿಡಿದು ತೋಡುವುದನ್ನು ಓರಿನ್ ಎಷ್ಟೋ ದಿನ ಟ್ರಕ್ಕಿನಲ್ಲಿ ಕೂತು ನೋಡಿದ್ದ. ಒಂದು ದಿನವೂ ಇಳಿದಿರಲಿಲ್ಲ.

ಈಗ ಅದೇ ಗೇಟಿನ ಮುಂದೆ ಇಳಿದ. ಟೀಚರು ರಿಟೈರಾಗಿ ವರ್ಷವಾಗಿತ್ತು. ಬಾಗಿಲು ತೆರೆದವರು ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

"ಟೀಚರ್, ನಿಮ್ಮ ಹಳೇ ಪುಸ್ತಕ ಇರುತ್ತಲ್ಲ, ಮಾರ್ಕ್ಸ್ ಬರೆಯೋದು," ಓರಿನ್ ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತ ನಿಂತ. "ಅದರಲ್ಲಿ ನಮ್ಮ ಹುಡುಗ ಪಾಸಾದ ಅಂತ ಒಂದು... ಒಂದು ಗೆರೆ ಬರೆದುಕೊಟ್ರೆ. ನಾನು ನಿಮ್ಮ ಕಾಲು ಬೇಕಾದ್ರೂ ಹಿಡೀತೀನಿ."

"ಆರು ವಾರ ಕೂತ ಹುಡುಗ ವರ್ಷ ಪೂರ್ತಿ ಕೂತ ಅಂತ ಬರೀಲಾ, ಟ್ಯಾಕೆಟ್ ಅವ್ರೇ?"

"ನಂಗೆ ಗೊತ್ತಾಗ್ಲಿಲ್ಲ ಟೀಚರ್. ಲೆಕ್ಕ ಅಂದ್ರೆ ಎಲ್ಲಾ ಲೆಕ್ಕಾನೂ ಒಂದೇ ಅನ್ಕೊಂಡೆ."

ಆಕೆ ಅವನ ಕೈಯಲ್ಲಿದ್ದ ಟೋಪಿಯನ್ನೇ ನೋಡಿದರು. "ಅವನು ಬರ್ಬೋದು ಅಂತ ಮಂಗಳವಾರ, ಗುರುವಾರ ಕೂತಿರ್ತಿದ್ದೆ. ಕ್ರಿಸ್‌ಮಸ್ ತನಕ. ಮುಂದಿನ ಬೆಂಚಲ್ಲಿ ಅವನಿಗೆ ಕಾಲು ಹಿಡಿಸಲ್ಲ ಅಂತ ಆಫೀಸಿಂದ ಒಂದು ದೊಡ್ಡ ಕುರ್ಚಿ ಎಳ್ಕೊಂಡು ಬಂದಿದ್ದೆ." ಟೋಪಿಯಿಂದ ಕಣ್ಣೆತ್ತಿ, "ಅವನಿಗೆ ಹೇಳಿದೀರಾ?" ಎಂದರು.

"ಇಲ್ಲ."

"ಮತ್ತೆ ಇಲ್ಲಿಗ್ಯಾಕೆ ಬಂದ್ರಿ ಮೊದ್ಲು?" ಎಂದು ಬಾಗಿಲು ಹಾಕಿಕೊಂಡರು. ಜೋರಾಗಿ ಹಾಕಿಕೊಳ್ಳಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಹೇಳಬೇಕೆಂದುಕೊಂಡ. ಡಾರ್ಲೀನ್ ತನ್ನ ಅಣ್ಣನ ಕೋಟನ್ನು ಮಗನಿಗೆ ತೊಡಿಸಿ, ಹೊಲಿಗೆ ಬಿಚ್ಚಿ ತೋಳು ಉದ್ದ ಮಾಡುತ್ತಿದ್ದಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, "ಅಪ್ಪಾ, ನಾಳೆ ನೀನು ಒಂದ್ಸಲನಾದ್ರೂ ಚಪ್ಪಾಳೆ ತಟ್ಟಬೇಕು. ಅಲ್ಲೇನು ಸರಪಳಿ ಇರಲ್ಲ," ಎಂದಳು.

"ತಾತಂಗೆ ಚಪ್ಪಾಳೆ ತಟ್ಟೋದು ಮರ್ತೇ ಹೋಗಿದ್ಯಮ್ಮ," ಎಂದ ಕೋಲ್ಬಿ. "ನಾನು ಕಲಿಸ್ಕೊಡ್ತೀನಿ ಬಾ ತಾತ. ಈ ಕೈ ಹೀಗೆ, ಆ ಕೈ ಹೀಗೆ." ಓರಿನ್‌ನ ಎರಡು ಕೈಗಳನ್ನೂ ತನ್ನ ಸಲಿಕೆ ಕೈಗಳಲ್ಲಿ ಹಿಡಿದು ಒಂದಕ್ಕೊಂದು ತಟ್ಟಿಸಿದ. ಡಾರ್ಲೀನ್ ಪಿನ್ನು ಉಗುಳಿ ನಕ್ಕಳು. ವರ್ಷಗಟ್ಟಲೆ ಆ ಮನೆಯಲ್ಲಿ ಯಾರೂ ಅವಳನ್ನು ಹಾಗೆ ನಗಿಸಿರಲಿಲ್ಲ. ಓರಿನ್ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ತೊಳೆದ ತಟ್ಟೆಯನ್ನೇ ಮತ್ತೆ ತೊಳೆದ.

ಬೆಳಗ್ಗೆ ಡಾರ್ಲೀನ್ ಪಾಳಿ ಮುಗಿಸಿ ನೇರ ಜಿಮ್ಮಿಗೇ ಬರುವವಳಿದ್ದಳು. ತಾತ ಮೊಮ್ಮಗ ಇಬ್ಬರೇ ಟ್ರಕ್ಕಿನಲ್ಲಿ ಬಂದರು. ಶಾಲೆಯ ಮುಂದೆ ಆಗಲೇ ಕಾರುಗಳು ಸಾಲುಗಟ್ಟಿದ್ದವು. ಡುಯೇನ್ ತನ್ನ ಹಿಮದ ಗಾಡಿಗೇ ನೀಲಿ ಬಲೂನು ಕಟ್ಟಿಕೊಂಡು ಬಂದಿದ್ದ. ಓರಿನ್ ದೂರದ ಮೂಲೆಯಲ್ಲಿ ನಿಲ್ಲಿಸಿದ. ಇಂಜಿನ್ ಆರಿಸಲಿಲ್ಲ.

"ಇಳಿಯಲ್ವಾ ತಾತ?"

ಹೇಳಿದ. ಒಂದೇ ಉಸಿರಿಗೆ, ಹಿಂದುಮುಂದಾಗಿ, ಹಾಲೊವೇ ಮಾತು ಮೊದಲು, ಚೀಟಿಯ ಮಾತು ಕೊನೆಗೆ. "ನಾನೇ ಸಹಿ ಹಾಕಿದ್ದು ಕಣೋ. ಯಾರೂ ಬಲವಂತ ಮಾಡ್ಲಿಲ್ಲ. ನಾನೇ."

ಕೋಲ್ಬಿ ಕೋಟಿನ ತೋಳಿನ ಹೊಸ ಹೊಲಿಗೆಯನ್ನು ಉಗುರಿನಿಂದ ಕೆರೆಯುತ್ತ ಕೂತ. ಟ್ರಕ್ಕಿನ ಹೀಟರು ಗೊರಗೊರ ಎನ್ನುತ್ತಿತ್ತು.

"ಬೆಲ್ಫೋರ್ಡ್ ಮೇಲೆ ಅಲ್ವಾ ಅದು?" ಎಂದ ಕಡೆಗೆ. "ಆ ಆಟ ನಾವು ಗೆದ್ವಾ?"

ಮೂವತ್ತೊಂದು ವರ್ಷದ ಒಂದೊಂದು ಆಟವೂ ಓರಿನ್‌ಗೆ ನೆನಪಿತ್ತು. ಇದಂತೂ ಕಣ್ಣು ಮುಚ್ಚಿದರೆ ಕಾಣುತ್ತಿತ್ತು. ಕೊನೆಯ ನಿಮಿಷ, ಕೊನೆಯ ಅವಕಾಶ, ತಮ್ಮವರು ಒಯ್ದ ಚೆಂಡು ಹತ್ತು ಗಜ ದಾಟಿತೋ ಇಲ್ಲವೋ ಎಂದು ಅಂಪೈರು ಸರಪಳಿ ಕರೆಸಿದ್ದ. ಓರಿನ್ ತಾನೇ ಕೋಲು ಹೊತ್ತು ಮೈದಾನದ ನಡುವಿಗೆ ಓಡಿದ್ದ. ತಾನೇ ಸರಪಳಿ ಎಳೆದು ಬಿಗಿ ಮಾಡಿದ್ದ. ಮಣ್ಣು ಮೆತ್ತಿದ ಮುಖದ ಕೋಲ್ಬಿ ಪಕ್ಕದಲ್ಲೇ ಮಂಡಿಯೂರಿ ತಾತನ ಕೈಯನ್ನೇ ನೋಡುತ್ತಿದ್ದ. ಚೆಂಡಿನ ಮೂಗು ಕೋಲಿಗೆ ಒಂದು ಗೇಣು ಹಿಂದಿತ್ತು. ಅಂಪೈರು ಎರಡು ಅಂಗೈ ಎದುರುಬದುರು ಹಿಡಿದು ಎಲ್ಲರಿಗೂ ತೋರಿಸಿದ್ದ: ಇಷ್ಟು ಕಮ್ಮಿ.

"ಸೋತ್ವಿ," ಎಂದ ಓರಿನ್. "ಹದಿನಾಲ್ಕು, ಹದಿಮೂರು."

ಕೋಲ್ಬಿ ತಲೆಯಾಡಿಸಿದ. "ಒಳಗೆ ಅಮ್ಮ ಕಾಯ್ತಿರ್ತಾಳೆ," ಎಂದು ಇಳಿದ.

ಅವನು ಒಳಗೆ ಹೆಜ್ಜೆ ಇಟ್ಟದ್ದೇ ಬ್ಯಾಂಡಿನವರು ಶುರು ಮಾಡಿದರು. ಜನ ಕೂರುವ ಮೆಟ್ಟಿಲುಗಳ ಮೇಲೆ ಊರೇ ಕಾಲು ಬಡಿಯುತ್ತಿತ್ತು. ಮುಂದಿನ ಸಾಲಿನಲ್ಲಿ ಡಾರ್ಲೀನ್ ವೃದ್ಧಾಶ್ರಮದ ಕೆಲಸದ ಬಟ್ಟೆಯಲ್ಲೇ ಕೂತಿದ್ದಳು, ತುಟಿಗೆ ಮಾತ್ರ ಬಣ್ಣ ಹಚ್ಚಿಕೊಂಡಿದ್ದಳು. ಕೋಲ್ಬಿ ಮೊದಲು ಅವಳ ಬಳಿ ಹೋಗಿ, ಬಗ್ಗಿ, ಕಿವಿಯಲ್ಲಿ ಏನೋ ಹೇಳಿದ. ಅವಳ ಕೈ ಹಾಗೇ ಬಾಯಿಗೆ ಹೋಯಿತು. ಆಮೇಲೆ ಅವನು ಮೇಜಿನ ಹಿಂದೆ ಹೋಗಿ ನಿಂತ. ಕೂರಲಿಲ್ಲ. ಕೆಂಪು ಟೋಪಿ ಮುಟ್ಟಿದ. ಜನ "ಅಯ್ಯೋ!" ಎಂದು ನಕ್ಕರು. ಅದನ್ನು ಎತ್ತಿ ಹಳದಿಯೊಳಗೆ ಇಟ್ಟ. ಎರಡನ್ನೂ ನೀಲಿಯೊಳಗೆ ಇಟ್ಟ. ಮೂರನ್ನೂ ಒಟ್ಟಿಗೆ ಬರ್ನೀಸಳ ಕೈಗೆ ಕೊಟ್ಟ.

"ನಾನು ಎಲ್ಲಿಗೂ ಹೋಗ್ತಿಲ್ಲ," ಎಂದ ಮೈಕಿನಲ್ಲಿ. "ಕಾಲೇಜಿನವರು ತಗೊಳ್ಳಲ್ಲ. ನಂದು ಲೆಕ್ಕದಲ್ಲಿ ಕಮ್ಮಿ ಬಿತ್ತು."

ಬ್ಯಾಂಡು ಒಂದೊಂದೇ ವಾದ್ಯವಾಗಿ ನಿಂತಿತು. ತಮಾಷೆಯೆಂದೇ ತಿಳಿದ ಡುಯೇನ್ ಮೇಲಿನಿಂದ ಕೂಗಿದ: "ಎಷ್ಟೋ ಕಮ್ಮಿ?"

ಕೋಲ್ಬಿ ಎರಡು ಅಂಗೈ ಎದುರುಬದುರು ಹಿಡಿದು, ನಡುವೆ ಒಂದು ಗೇಣು ಜಾಗ ಬಿಟ್ಟು, ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸಿದ. ಅಲ್ಲಿ ಒಬ್ಬರು, ಇಲ್ಲಿ ಒಬ್ಬರು ನಕ್ಕರು. ನಗು ನಡುವಿನಲ್ಲೇ ನಿಂತುಹೋಯಿತು.

ಗೋಡೆಗೆ ಒರಗಿ ನಿಂತಿದ್ದ ಓರಿನ್ ಮೂವತ್ತೊಂದು ವರ್ಷದಲ್ಲಿ ಅಷ್ಟು ಜನರೆದುರು ಬಾಯಿ ತೆರೆದವನಲ್ಲ. ಅವನು ಜಿಮ್ಮಿನ ನೆಲವನ್ನು ಉದ್ದಕ್ಕೂ ದಾಟಿ ಬಂದು ಮೊಮ್ಮಗನ ಪಕ್ಕ ನಿಂತ. ಮೈಕಿಗೆ ಬಾಗುವುದು ಅವನಿಗೆ ತಿಳಿಯಲಿಲ್ಲ, ಅದಕ್ಕೇ ಕೂಗಿದ.

"ಅವನದಲ್ಲ. ಪೆಟ್ರೋನಿ ಟೀಚರ್ ಹತ್ರ ಕೂತು ಕಲೀಬೇಕಿತ್ತು ಅವನು. ಬೆಲ್ಫೋರ್ಡ್ ಆಟ ತಪ್ಪುತ್ತೆ ಅಂತ ನಾನೇ ಬಿಡಿಸ್ದೆ. ಚೀಟಿ ಮೇಲಿರೋ ಸಹಿ ನಂದು."

ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು. ಹೋಟೆಲಿನಲ್ಲಿ ಕಾಫಿ ಕೊಡಿಸಿದ ಮುಖಗಳೆಲ್ಲ ಅಲ್ಲೇ ಇದ್ದವು. ಒಬ್ಬೊಬ್ಬರೂ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ಡುಯೇನ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಓರಿನ್‌ನ ಬಲಗೈ ಗಾಳಿಯಲ್ಲಿ ಏನನ್ನೋ ಬಿಗಿಯಾಗಿ ಹಿಡಿದಂತೆ ಮುಷ್ಟಿ ಕಟ್ಟಿಕೊಂಡಿತ್ತು.

"ಜನ ಹಸ್ದಿದಾರೆ," ಎಂದಳು ಬರ್ನೀಸ್ ಸಣ್ಣ ದನಿಯಲ್ಲಿ, ಯಾರಿಗೆಂದಿಲ್ಲದೆ. ಚಾಕು ತೆಗೆದುಕೊಂಡು, ಕೇಕಿನ ಮೇಲೆ ನೀಲಿಯಲ್ಲಿ ಬರೆಸಿದ್ದ ಯೂನಿವರ್ಸಿಟಿಯ ಹೆಸರನ್ನು ಕೆರೆದು ತೆಗೆಯಲು ಕೂತಳು. ಅಕ್ಷರಗಳು ಹೋದವು. ನೀಲಿ ಹೋಗಲಿಲ್ಲ. ಅವಳು ಬಿಳಿ ಕೆನೆಯ ಮೇಲೆ ಚಾಕು ಆಡಿಸಿದಷ್ಟೂ ಅದು ಅಂಚಿನವರೆಗೂ ತೆಳ್ಳಗೆ ಹರಡುತ್ತ ಹೋಯಿತು.