ತಿಕ್ಕದೆ ಬಿಟ್ಟ ತೊಟ್ಟಿ

ವೈಜಯಂತಿಗೆ ಕೊಳಕು ಕಂಡರೆ ಮೈ ಉರಿಯುತ್ತಿತ್ತು. ದೆಹಲಿಯ ರೋಹಿಣಿ ಬಡಾವಣೆಯ ಬಾಡಿಗೆ ಮನೆಯ ಹಿತ್ತಲಲ್ಲಿದ್ದ ಹಳೇ ಸಿಮೆಂಟ್ ತೊಟ್ಟಿಗೆ ನೀರು ತುಂಬಿಸಿ, ಎರಡು ತಾವರೆ ಕುಂಡ ಇಳಿಸಿ, ಅದನ್ನು ಕೊಳವೆಂದು ಕರೆದವಳೂ ಅವಳೇ. ಹುಣ್ಣಿಮೆಗೊಮ್ಮೆ, ಅಮಾವಾಸ್ಯೆಗೊಮ್ಮೆ ಆ ಕೊಳವನ್ನು ಬಚ್ಚಲ ಹಂಡೆಯಂತೆ ತಿಕ್ಕಿ ಫಳಫಳ ಮಾಡುತ್ತಿದ್ದವಳೂ ಅವಳೇ. ತಳದ ಕೆಸರಿನಲ್ಲಿ ಒದ್ದಾಡುವ ಕಂದು ಹುಳುಗಳನ್ನು "ಥೂ, ಅಸಹ್ಯ!" ಎಂದು ಕಾಂಪೌಂಡಿನಾಚೆ ಎಸೆಯುತ್ತಿದ್ದಳು. ತವರಿನಲ್ಲಿ ಅಮ್ಮ ಕಲಿಸಿದ ಶಿಸ್ತು, ಯಾರು ಹೇಳಿದರೂ ಬಿಡುವವಳಲ್ಲ.

ಆ ನೀರಿಗೆ ಎಲ್ಲಿಂದಲೋ ಏರೋಪ್ಲೇನ್ ಚಿಟ್ಟೆಗಳು ಬರುತ್ತಿದ್ದವು. ಅವುಗಳ ಫೋಟೋಗಾಗಿ ಅವಳು ಗಂಟೆಗಟ್ಟಲೆ ಮೊಣಕಾಲೂರಿ ಕೂರುತ್ತಿದ್ದಳು. ಗಂಡ ರಾಘವನಿಗೆ ಓಖ್ಲಾದ ಆಫೀಸು, ಮಗಳು ಕೃತಿಗೆ ಕಾಲೇಜು. ದೆಹಲಿಗೆ ಬಂದ ಎಂಟು ವರ್ಷದಲ್ಲಿ ತನ್ನದು ಅಂತ ಅವಳಿಗಿದ್ದದ್ದು ಇದೊಂದೇ.

ಈ ಆಗಸ್ಟಿನಲ್ಲಿ ಚಿಟ್ಟೆಗಳು ಕಡಿಮೆಯಾದವು, ಸೊಳ್ಳೆಗಳು ಮುತ್ತಿದವು. ಗಲ್ಲಿಯಲ್ಲಿ ಇಬ್ಬರಿಗೆ ಡೆಂಗಿ ಬಂತು. ಮಹಡಿಯ ಮೇಲಿದ್ದ ಮನೆ ಮಾಲೀಕ ರಜತ್ ಜೀ ಬಾಗಿಲಿಗೇ ಬಂದರು.

"ಭಾಭೀಜಿ, ಬುರಾ ಮತ್ ಮಾನಿಯೇ, ಬೇಜಾರು ಮಾಡ್ಕೋಬೇಡಿ. ಮುಂದಿನ ತಿಂಗಳು ಕಾರ್ಪೊರೇಷನ್ನಿನವರ ಮಚ್ಛರ್ ಚೆಕಿಂಗ್ ಇದೆ. ಒಂದೇ ಒಂದು ಸೊಳ್ಳೆ ಮರಿ ಸಿಕ್ಕಿದರೂ ತೊಟ್ಟಿಗೆ ಮಣ್ಣು ತುಂಬಿಸ್ತೀನಿ."

ವೈಜಯಂತಿ ಅಮಾವಾಸ್ಯೆಗೆ ಕಾಯದೆ ಸೆರಗು ಸಿಕ್ಕಿಸಿ ಬ್ರಷ್ ಹಿಡಿದಳು. ಅಂಗೈಗೆ ಸಿಕ್ಕ ಕಂದು ಹುಳುವನ್ನು ಇನ್ನೇನು ಎಸೆಯಬೇಕು, ಕ್ಯಾಮೆರಾ ಹಿಡಿದು ಆಟವಾಡುತ್ತಿದ್ದ ಕೃತಿ ಅದರದ್ದೊಂದು ಫೋಟೋ ಹೊಡೆದು, ದೊಡ್ಡದು ಮಾಡಿ ನೋಡಿ ಕಿರುಚಿದಳು.

"ಅಮ್ಮಾ, ರುಕೋ, ಎಸೀಬೇಡ! ಇದರ ಬೆನ್ನ ಮೇಲೆ ನೋಡು, ಪಂಖ್ ಬರ್ತಾ ಇದೆ, ರೆಕ್ಕೆ!"

ಮೊಬೈಲಿನಲ್ಲಿ ಹುಡುಕಿದ್ದೂ ಆಯಿತು. ಅದು ಏರೋಪ್ಲೇನ್ ಚಿಟ್ಟೆಯ ಮರಿ. ನೀರಿನಲ್ಲೇ ಬೆಳೆಯುತ್ತದೆ, ಸೊಳ್ಳೆ ಮರಿಗಳನ್ನೇ ತಿನ್ನುತ್ತದೆ.

"ಅಯ್ಯೋ, ನನ್ನ ಕೈ ಸೇದ್ಹೋಗ!" ವೈಜಯಂತಿ ಒದ್ದೆ ನೆಲದಲ್ಲೇ ಕುಸಿದು ಕೂತಳು. ಎಷ್ಟು ಹುಣ್ಣಿಮೆ, ಎಷ್ಟು ಅಮಾವಾಸ್ಯೆ! ಯಾವುಗಳಿಗಾಗಿ ಮೊಣಕಾಲು ಸವೆಸಿದ್ದಳೋ ಅವುಗಳನ್ನೇ ತನ್ನ ಕೈಯಾರೆ ಬಿಸಾಕಿದ್ದಳು. ದುಃಖ ಒತ್ತರಿಸಿ ಬಂತು, ಅತ್ತೇಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು, ಹುಳುವನ್ನು ಮೆಲ್ಲಗೆ ನೀರಿಗೆ ಬಿಟ್ಟು, ನೇರ ಮಹಡಿ ಹತ್ತಿದಳು.

"ರಜತ್ ಜೀ, ತಪ್ಪು ನನ್ನದೇ. ಸೊಳ್ಳೆ ಮರಿ ತಿನ್ನೋ ಹುಳುಗಳನ್ನ ನಾನೇ ತಿಕ್ಕಿ ಎಸೀತಿದ್ದೆ. ಚೆಕಿಂಗ್ ಆಗೋವರೆಗೂ ತೊಟ್ಟಿ ತಿಕ್ಕಲ್ಲ. ಅಲ್ಲೀತನಕ ಮಣ್ಣಿನ ಮಾತು ಬೇಡ."

"ನೀವು? ತಿಕ್ಕದೆ ಇರ್ತೀರಾ?" ರಜತ್ ಜೀ ಹೊಟ್ಟೆ ಹಿಡಿದು ನಕ್ಕರು. "ಅಚ್ಛಾ, ನೋಡೇ ಬಿಡೋಣ."

ಆ ತಿಂಗಳು ಅವಳು ಪಟ್ಟ ಪಾಡು ದೇವರಿಗೇ ಪ್ರೀತಿ. ನೀರು ಹಸಿರಾಯಿತು, ಗೋಡೆಗೆ ಪಾಚಿ ಕಟ್ಟಿತು, ಕೊಳೆತ ಎಲೆ ತೇಲಿತು. ಅಮಾವಾಸ್ಯೆ ಬಂದಾಗ ಕೈ ತುರಿಸಿ ತಡೆಯಲಾಗಲಿಲ್ಲ. ಬ್ರಷ್ಷನ್ನು ಕೃತಿಗೆ ಕೊಟ್ಟು, "ಕಾಲಿಗೆ ಬಿದ್ದು ಕೇಳಿದರೂ ಕೊಡಬೇಡ ಕಣೇ" ಎಂದಳು. ಪ್ರೀತಿಸಿದ್ದನ್ನು ಅದರ ಪಾಡಿಗೆ ಬಿಡುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಚೆಕಿಂಗಿನವನು ಬೆಳಬೆಳಿಗ್ಗೆಯೇ ಬಂದ. ಇಸ್ತ್ರಿಯ ಬಿಳೀ ಕುರ್ತಾದಲ್ಲಿ ಮೂಗು ಮುಚ್ಚಿಕೊಂಡು ರಜತ್ ಜೀಯೂ ಬಂದು ನಿಂತರು. ಚೆಕಿಂಗಿನವನ ಸೌಟು ನೀರಿಗಿಳಿಯಿತು. ಒಂದು ಸಲ, ಎರಡು ಸಲ, ನಾಲ್ಕೂ ಮೂಲೆಯಲ್ಲಿ.

"ಲಾರ್ವಾ ನಹೀ ಹೈ, ಸೊಳ್ಳೆ ಮರಿ ಒಂದೂ ಇಲ್ಲ" ಎಂದವನು ಚೀಟಿ ಬರೆದು ಹೊರಟ.

ರಜತ್ ಜೀ ಮಾತ್ರ ಅಲ್ಲಾಡಲಿಲ್ಲ. ತಾವರೆಯ ದಂಟಿಗೆ ಒಂದು ಕಂದು ಹುಳು ಕಚ್ಚಿಕೊಂಡಿತ್ತು. ಅದರ ಬೆನ್ನು ಬಿರಿದು, ಒಳಗಿನಿಂದ ಮುದುಡಿದ ಹಸಿ ರೆಕ್ಕೆಗಳು ಹೊರಬರುತ್ತಿದ್ದವು. ಅವರು ಮೂಗಿನ ಮೇಲಿನ ಕೈ ತೆಗೆದು, ಬಿಳೀ ಕುರ್ತಾದಲ್ಲೇ ತೊಟ್ಟಿಯ ಪಕ್ಕದ ಕೆಸರಿನಲ್ಲಿ ಮೊಣಕಾಲೂರಿದರು.

"ಭಾಭೀಜಿ, ಬೇಗ ಕ್ಯಾಮೆರಾ ತನ್ನಿ" ಎಂದರು ಪಿಸುದನಿಯಲ್ಲಿ. "ನಾನಿಲ್ಲೇ ಇರ್ತೀನಿ. ಯಾರಿಗೂ ಮುಟ್ಟೋಕೆ ಬಿಡಲ್ಲ."