ನಾಲ್ಕನೇ ಮಹಡಿಯ ಮೀಟರ್

"ಏನಿದೆ ಓದು. ಜೋರಾಗಿ ಓದು," ಎಂದ ಕ್ಲೈವ್, ಟಾರ್ಚನ್ನು ಪೆಟ್ಟಿಗೆಯೊಳಗೆ ಇನ್ನಷ್ಟು ಬಗ್ಗಿಸಿ. "ನನ್ನ ಕನ್ನಡಕ ಮೇಲೆ ಟೇಬಲ್ ಹತ್ರ ಉಳ್ಕೊಂಡ್ಬಿಟ್ಟಿದೆ."

ರೊವೀನಾ ಓದಲಿಲ್ಲ. ಅವಳು ಆಗಲೇ ಓದಿಯಾಗಿತ್ತು. ದಪ್ಪ ತಂತಿಯ ಸುತ್ತ ಬಳೆಯ ಹಾಗೆ ಕೂತಿದ್ದ ಟ್ರಾನ್ಸ್‌ಫಾರ್ಮರಿನ ಮೇಲೆ, ಧೂಳಿನಡಿಯಲ್ಲಿ, ಇನ್ನೂರು ಎಂದಿತ್ತು. ಇರಬೇಕಾದದ್ದು ನಾನೂರು.

ಪೆಟ್ಟಿಗೆ ನಾಲ್ಕನೇ ಮಹಡಿಯ ಮೀಟರಿನದು; ಆ ಮಹಡಿಯ ಕರೆಂಟ್ ತೆಗೆದಾಗಿತ್ತು. ಆದರೂ ಮುಟ್ಟಿದರೆ ಏನೋ ಆದೀತು ಎಂಬಂತೆ ಅವಳು ಕೈಗಳೆರಡನ್ನೂ ಹಿಂದಕ್ಕೆ ಕಟ್ಟಿಕೊಂಡಿದ್ದಳು. ನೆಲಮಾಳಿಗೆಯಲ್ಲಿ ಫೆಬ್ರವರಿಯ ನಡುಬೇಸಿಗೆಯ ಸೆಕೆ ಹೆಪ್ಪುಗಟ್ಟಿದಂತಿತ್ತು. ಬೆನ್ನ ಮೇಲೆ ಬೆವರು ಇಳಿಯುತ್ತಿದ್ದರೂ ಅವಳ ಬೆರಳ ತುದಿಗಳು ತಣ್ಣಗಿದ್ದವು.

"ಶನಿವಾರ ಬೆಳಿಗ್ಗೆ ಮೀಟರ್ ನೋಡ್ಬೇಕು ಅಂತ ಯಾವ ಹುಡುಗಿಗೆ ಆಸೆ ಆಗುತ್ತೆ ಹೇಳು," ಎಂದ ಕ್ಲೈವ್. "ನನ್ನ ಹೆಂಡ್ತಿ ನಂಬಲೇ ಇಲ್ಲ. ಯಾರೋ ಸಿಕ್ಕಿದಾಳೆ ನಿಂಗೆ ಅಂದ್ಲು."

ಅವಳಿಗೆ ನಗು ಬರಲಿಲ್ಲ.

ಹತ್ತೊಂಬತ್ತು ವರ್ಷಗಳಿಂದ ಕ್ಲೈವ್ ಪಿರಿ ಸ್ಟ್ರೀಟಿನ ಈ ಒಂಬತ್ತು ಮಹಡಿಯ ಕಟ್ಟಡವನ್ನು ನೋಡಿಕೊಳ್ಳುತ್ತಿದ್ದ. ಹವಾನಿಯಂತ್ರಣದ ಯಂತ್ರಗಳನ್ನು ಸ್ವಂತ ದನಗಳಂತೆ ಸಾಕಿದ್ದ. ರೊವೀನಾ ಕಟ್ಟಡಗಳು ತಿನ್ನುವ ವಿದ್ಯುತ್ತನ್ನು ಲೆಕ್ಕ ಹಾಕಿ ನಕ್ಷತ್ರ ಕೊಡುವವಳು; ಕಡಿಮೆ ತಿಂದಷ್ಟೂ ಹೆಚ್ಚು ನಕ್ಷತ್ರ. ಪರವಾನಗಿ ಸಿಕ್ಕು ನಾಲ್ಕು ತಿಂಗಳಾಗಿತ್ತು. ಅವಳಂಥವರ ಸಹಿಯ ಪ್ರಮಾಣಪತ್ರವಿಲ್ಲದೆ ಇಷ್ಟು ದೊಡ್ಡ ಕಚೇರಿ ಬಾಡಿಗೆಗಿದೆ ಎಂದು ಹೇಳಿಕೊಳ್ಳುವಂತಿಲ್ಲ. ಮೂರು ವಾರದ ಹಿಂದೆ ಅವಳು ಇದಕ್ಕೆ ನಾಲ್ಕೂವರೆ ನಕ್ಷತ್ರ ಕೊಟ್ಟಿದ್ದಳು. ಅದನ್ನು ನೋಡಿಯೇ ಒಂದು ಸರ್ಕಾರಿ ಇಲಾಖೆ ಆರನೇ ಮತ್ತು ಏಳನೇ ಮಹಡಿಗಳನ್ನು ಒಪ್ಪಿತ್ತು. ನಾಲ್ಕೂವರೆಗಿಂತ ಕಡಿಮೆಯ ಕಟ್ಟಡಕ್ಕೆ ಆ ಇಲಾಖೆ ಕಾಲಿಡುವುದಿಲ್ಲ. ಬರುವ ಬುಧವಾರ ಬಾಡಿಗೆ ಕರಾರಿಗೆ ಸಹಿ.

ಬಳೆಯಂಥ ಈ ಟ್ರಾನ್ಸ್‌ಫಾರ್ಮರು ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಸಣ್ಣ ಪಾಲನ್ನಷ್ಟೇ ಮೀಟರಿಗೆ ತೋರಿಸುತ್ತದೆ. ಇನ್ನೂರಿದ್ದರೆ ಮೀಟರಿನ ಅಂಕಿಯನ್ನು ನಲವತ್ತರಿಂದ ಗುಣಿಸಬೇಕು, ನಾನೂರಿದ್ದರೆ ಎಂಬತ್ತರಿಂದ. ಅವಳು ಎಂಬತ್ತರಿಂದ ಗುಣಿಸಿದ್ದಳು. ಬಾಡಿಗೆದಾರರು ಬಳಸಿದ್ದನ್ನು ಒಟ್ಟಿನಿಂದ ಕಳೆದರೆ ಉಳಿಯುವುದು ಕಟ್ಟಡದ ಪಾಲು; ನಕ್ಷತ್ರ ಅದನ್ನು ನೋಡಿ. ನಾಲ್ಕನೇ ಮಹಡಿಯನ್ನು ದುಪ್ಪಟ್ಟು ಕಳೆದದ್ದರಿಂದ ಕಟ್ಟಡ ಇಲ್ಲದ ಮಿತವ್ಯಯದ ಹೆಸರು ಪಡೆದಿತ್ತು. ಗುರುವಾರ ಬೇರೊಂದು ಕಟ್ಟಡದಲ್ಲಿ, ಅಷ್ಟೇ ಜನರಿದ್ದ ಮಹಡಿಯ ಅಂಕಿ ಇಲ್ಲಿಯದರ ಅರ್ಧದಷ್ಟೇ ಬಂದಾಗ ಅವಳಿಗೆ ಈ ನಾನೂರರ ಮೇಲೆ ಅನುಮಾನ ಹುಟ್ಟಿತ್ತು. ಅಂದಿನಿಂದ ಊಟ ಸೇರಿರಲಿಲ್ಲ.

"ಇನ್ನೂರು," ಎಂದಳು.

"ಏನು? ನಿನ್ನ ದನಿ ಕೇಳೋಕೆ ಮೈಕ್ ತರಿಸ್ಬೇಕು."

"ಇನ್ನೂರು ಅಂತ ಇದೆ, ಕ್ಲೈವ್. ನೀವು ಕೊಟ್ಟ ನಕ್ಷೆಯಲ್ಲಿ ನಾನೂರಿತ್ತು."

ಟಾರ್ಚು ಅಲುಗಲಿಲ್ಲ. "ಅದು ಹಳೇ ನಕ್ಷೆ. ಆಮೇಲೆ ಯಾವನೋ ಬದಲಾಯಿಸಿರ್ಬೇಕು," ಎಂದ ಅವನು ನಿಧಾನವಾಗಿ. "ಎಷ್ಟಕ್ಕೆ ಇಳಿಯುತ್ತೆ?"

"ಮೂರೂವರೆ."

ಅವನು ಟಾರ್ಚ್ ಆರಿಸಿ, ಮುಚ್ಚಳವನ್ನೆತ್ತಿ ಪೆಟ್ಟಿಗೆಗೆ ಕೂರಿಸಿದ. ನಾಲ್ಕು ತಿರುಪುಗಳನ್ನೂ ಒಂದೊಂದಾಗಿ ಬಿಗಿದ. ಕೊನೆಯದನ್ನು ಬಿಗಿಯಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ.

"ನಾನಂತೂ ಏನೂ ನೋಡ್ಲಿಲ್ಲ. ಕನ್ನಡಕ ಮೇಲಿದೆ," ಎಂದ. "ಚಳಿಗಾಲದೊಳಗೆ ಆ ಎರಡು ಮಹಡಿ ತುಂಬದಿದ್ರೆ ಮೆಲ್ಬರ್ನ್‌ನಲ್ಲಿರೋ ಮಾಲೀಕರು ಕಟ್ಟಡಾನೇ ಮಾರಿಬಿಡ್ತಾರೆ, ಮರಿ. ಕೊಳ್ಳೋರು ಇದನ್ನ ಹೋಟ್ಲು ಮಾಡ್ತಾರಂತೆ. ಅರವತ್ತೊಂದು ನಂಗೆ. ಇನ್ನು ಯಾವನು ಕೆಲ್ಸಕ್ಕೆ ಕರೀತಾನೆ?"

"ತಪಾಸಣೆ ಬಂದ್ರೆ?"

"ಬಂದ್ರೆ ನಕ್ಷೆ ತೋರಿಸು. ನಕ್ಷೆ ಸುಳ್ಳು ಅಂತ ನಿಂಗೇನು ಕನಸು ಬಿದ್ದಿತ್ತಾ?"

ಸರಿ ಎಂದು ತಲೆಯಾಡಿಸಿ ಮೆಟ್ಟಿಲೇರಿ ಹೋಗಿಬಿಡಬೇಕೆಂದು ಅವಳಿಗೆ ತೀವ್ರವಾಗಿ ಅನಿಸಿತು. ಕಾಲು ಬಾಗಿಲ ಕಡೆ ತಿರುಗಿಯೂ ಇತ್ತು. ಆದರೆ ಪ್ರಮಾಣಪತ್ರದ ಹಿಂದಿನ ಕಾಗದಗಳಲ್ಲಿ, ಪ್ರತಿ ಮೀಟರಿನ ಎದುರು, 'ಖುದ್ದು ನೋಡಿದ್ದೇನೆ' ಎಂಬ ಒಂದು ಚೌಕವಿರುತ್ತದೆ. ನಾಲ್ಕನೇ ಮಹಡಿಯ ಚೌಕದಲ್ಲೂ ಅವಳ ಗುರುತಿತ್ತು.

"ನೋಡಿದೀನಿ ಅಂತ ಬರ್ದುಕೊಟ್ಟಿದೀನಿ," ಎಂದಳು. "ಅವತ್ತು ನಾನು ನೋಡಿರ್ಲಿಲ್ಲ. ಪೆಟ್ಟಿಗೆ ತೆಗೀಬೇಕಾದ್ರೆ ಮಹಡಿಯ ಕರೆಂಟ್ ತೆಗೀಬೇಕು, ಕೆಲ್ಸದ ದಿನ ಆಗಲ್ಲ ಅಂದ್ರಿ. ನೀವು ಅವಸರದಲ್ಲಿದ್ರಿ. ಶನಿವಾರ ಬರ್ಲಾ ಅಂತ ಕೇಳೋಕೆ ನಂಗೆ... ಸಂಕೋಚ ಆಯ್ತು."

ಕ್ಲೈವ್ ಅವಳನ್ನೇ ನೋಡಿದ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ.

"ಒಂದು ಮಾತು ಕೇಳಿದ್ರೆ ತೆಗೀತಿದ್ನಲ್ಲ," ಎಂದ. "ಗೊಣಗ್ತಿದ್ದೆ. ಆದ್ರೆ ತೆಗೀತಿದ್ದೆ."

ಸೋಮವಾರ ತನ್ನ ಕಚೇರಿಯ ಯಜಮಾನಿ ಟೇಗನ್ ಕರೆದು ಬಾಗಿಲು ಹಾಕಿಸುವುದು, ಪರವಾನಗಿ ಕೊಟ್ಟವರ ಪತ್ರ, ಅದನ್ನು ಅಡುಗೆಮನೆಯಲ್ಲಿ ಅಮ್ಮ ಎರಡೆರಡು ಸಲ ಓದುವುದು, ಎಲ್ಲ ಕಣ್ಣೆದುರು ಬಂದವು. ಗೋಡೆಯ ಮೇಲಿನ ಪೆಟ್ಟಿಗೆಗಳಷ್ಟೂ ಸಣ್ಣಗೆ ಗುಂಯ್‌ಗುಡುತ್ತಿದ್ದವು.

"ಇನ್ನೊಂದ್ಸಲ ತೆಗೀರಿ," ಎಂದಳು. "ಫೋಟೋ ಬೇಕು."

ಕೇಳಲಿಲ್ಲವೇನೋ ಎಂದುಕೊಂಡು ಅದನ್ನೇ ಜೋರಾಗಿ ಹೇಳಬೇಕಾಯಿತು.

ಕ್ಲೈವ್ ತಿರುಪುಳಿಯನ್ನು ಅಂಗೈಯಲ್ಲಿ ಎರಡು ಸಲ ಹೊರಳಿಸಿದ. ಆಮೇಲೆ ಬಗ್ಗಿ ಮೊದಲ ತಿರುಪನ್ನು ಬಿಚ್ಚಿದ.

ನೆಲಮಾಳಿಗೆಯಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಮೊದಲ ಮಹಡಿಯ ಮೆಟ್ಟಿಲ ಮೇಲೆ ಕೂತು, ಪ್ರಮಾಣಪತ್ರವನ್ನು ಹಿಂಪಡೆಯಬೇಕೆಂದು ಅವಳು ಪರವಾನಗಿ ಕೊಟ್ಟವರಿಗೆ ನಾಲ್ಕು ಸಾಲು ಬರೆದಳು. ಟೇಗನ್‌ಗೂ ಒಂದು ಪ್ರತಿ ಸೇರಿಸಿದಳು. ಕಳುಹಿಸುವ ಗುಂಡಿಯ ಮೇಲೆ ಹೆಬ್ಬೆರಳು ನಿಂತೇ ಇತ್ತು. ಹೋಯಿತು ಎಂಬ ಸಣ್ಣ ಸದ್ದಾದಾಗ ತಾನು ಒತ್ತಿದ್ದು ಯಾವಾಗ ಎಂಬುದೇ ಅವಳಿಗೆ ನೆನಪಾಗಲಿಲ್ಲ.

ತಲೆಯೆತ್ತಿದರೆ ಕ್ಲೈವ್ ಏಣಿಯೊಂದನ್ನು ಹೆಗಲಿಗೇರಿಸಿಕೊಂಡು ಬಾಗಿಲ ಬಳಿ ನಿಂತಿದ್ದ.

"ಹೊರಗಿನ ಬೋರ್ಡು," ಎಂದ ಅವಳತ್ತ ನೋಡದೆ. "ಇನ್ಮೇಲೆ ಅದನ್ನ ಹಾಗೇ ಬಿಡೋ ಹಾಗಿಲ್ವಲ್ಲ. ಬಾ, ಹಿಡ್ಕೋ. ಈ ಏಣಿ ಜಾರುತ್ತೆ."

ಬೀದಿಯಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಬಾಗಿಲ ಮೇಲೆ 'ಎರಡು ಮಹಡಿ ಬಾಡಿಗೆಗಿದೆ' ಎಂಬ ಉದ್ದನೆಯ ಹಲಗೆ, ಅದರ ಮೂಲೆಯಲ್ಲಿ ಹಸಿರು ನಕ್ಷತ್ರಗಳು. ಕ್ಲೈವ್ ಮೇಲೇರಿ ಅಂಟಿಸಿದ್ದ ಹಾಳೆಯ ಅಂಚನ್ನು ಉಗುರಿನಿಂದ ಕೆರೆಯತೊಡಗಿದ. ಬಿಸಿಲಿಗೆ ಅಂಟು ಮೆದುವಾಗಿ ಎಳೆಎಳೆಯಾಗಿ ಬರುತ್ತಿತ್ತು. ಹಸಿರು ಚೂರುಗಳು ಅವಳ ಕೂದಲ ಮೇಲೆ, ತೋಳಿನ ಮೇಲೆ ಉದುರಿದವು. ಬಸ್ಸೊಂದು ನಿಂತಿತು. ಕಿಟಕಿಯಲ್ಲಿದ್ದ ಹೆಂಗಸೊಬ್ಬಳು ಮೇಲೆ ನೋಡಿದಳು, ಆಮೇಲೆ ಅವಳನ್ನು ನೋಡಿದಳು.

ಕೊನೆಯ ನಕ್ಷತ್ರ ಎಟುಕದೆ ಕ್ಲೈವ್ ಪಾದದ ತುದಿಯ ಮೇಲೆ ನಿಂತ. ಅವನ ಬೂಟಿನ ಹಿಮ್ಮಡಿ ಅವಳ ಕಣ್ಣಿನ ಮಟ್ಟಕ್ಕೆ, ಏಣಿಯ ಮೆಟ್ಟಿಲಿನಿಂದ ಒಂದು ಬೆರಳಷ್ಟು ಮೇಲೆ, ಗಾಳಿಯಲ್ಲಿತ್ತು. ರೊವೀನಾ ಸುಡುತ್ತಿದ್ದ ಅಲ್ಯೂಮಿನಿಯಮ್ಮನ್ನು ಎರಡೂ ಕೈಗಳಿಂದ ಅವುಚಿ ಹಿಡಿದು, ಕದಲದೆ ನಿಂತಳು.