ನೊಣ ಕೂರದ ಮದ್ದು

ಕಾಪುವಿನ ಮೋಹಿನಿಯಕ್ಕ ಯಾವ ಪ್ರಶ್ನೆಗಾದರೂ ನೇರವಾಗಿ ಉತ್ತರ ಕೊಟ್ಟದ್ದನ್ನು ಕಂಡವರಿಲ್ಲ. ಗಂಟೆ ಎಷ್ಟಾಯಿತೆಂದು ಕೇಳಿದರೂ ಸಾಕು, ಅವರು ಮೊದಲು ಕೇಳಿದವರ ಮುಖವನ್ನು ನೋಡುತ್ತಾರೆ, ಆಮೇಲೆ ಅವರ ಮಣಿಕಟ್ಟಿನಲ್ಲಿ ಗಡಿಯಾರ ಇದೆಯೇ ಎಂದು ನೋಡುತ್ತಾರೆ, ಕೊನೆಗೆ "ಎಂತಕ್ಕೆ?" ಎನ್ನುತ್ತಾರೆ. ಮೂವತ್ತು ವರ್ಷಗಳ ಮೀನು ವ್ಯಾಪಾರದ ಸಮಸ್ತ ಸಾರವೂ ಆ ಒಂದು ಮಾತಿನಲ್ಲಿ ಅಡಗಿದೆ. ಮಲ್ಪೆಯ ಬಂದರಿನಲ್ಲಿ ಕಿವಿರು ಎತ್ತಿ ಬಣ್ಣ ನೋಡದೆ ಒಂದು ಬಂಗುಡೆಯನ್ನೂ ಅವರು ಬುಟ್ಟಿಗೆ ಹಾಕಿಕೊಂಡವರಲ್ಲ. ಮನುಷ್ಯರಿಗೂ ಹಾಗೆ ಎತ್ತಿ ನೋಡುವಂಥ ಕಿವಿರು ಇಲ್ಲವಲ್ಲ ಎಂಬುದೇ ಅವರ ಜೀವನದ ದೊಡ್ಡ ಕೊರಗು ಎಂದು ನಾನು ತಮಾಷೆ ಮಾಡುವುದುಂಟು.

ಈಗ ಬುಟ್ಟಿ ಬರುವುದು ರಿಕ್ಷಾದಲ್ಲಿ. ಆದರೂ ಅವರ ನಡಿಗೆ ಇನ್ನೂ ಬುಟ್ಟಿ ಹೊತ್ತವರದ್ದೇ: ಕುತ್ತಿಗೆ ಅಲುಗುವುದಿಲ್ಲ, ಕಣ್ಣು ಮಾತ್ರ ಎಡಕ್ಕೂ ಬಲಕ್ಕೂ ಕಾವಲು ತಿರುಗುತ್ತಿರುತ್ತದೆ. ಹೈಸ್ಕೂಲಿನ ಕನ್ನಡ ಮಾಸ್ತರನಾಗಿ ನಿವೃತ್ತನಾದ ನಾನು ಇಪ್ಪತ್ತೆರಡು ವರ್ಷಗಳಿಂದ ಅವರ ಗಿರಾಕಿ. ಅಷ್ಟಾದರೂ "ಮೀನು ತಾಜಾ ಉಂಟಾ ಅಕ್ಕ?" ಎಂದರೆ, "ಎಂತಕ್ಕೆ, ಮೊನ್ನೆಯದ್ದು ಹಾಳಾಗಿತ್ತಾ?" ಎಂದು ನನ್ನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತಾರೆ.

ಎರಡು ವರ್ಷದ ಕೆಳಗೆ ಎಲೆಯಡಿಕೆ, ಹೊಗೆಸೊಪ್ಪು ಜಗಿಯುತ್ತಿದ್ದ ಮೋಹಿನಿಯಕ್ಕನಿಗೆ ಗಂಟಲ ಬುಡದಲ್ಲಿ ಕ್ಯಾನ್ಸರ್ ಬಂತು. ಮಣಿಪಾಲದಲ್ಲಿ ಮೂವತ್ತಮೂರು ದಿನ ರೇಡಿಯೇಶನ್ ಆಗಬೇಕೆಂದರು. ಇಂಗ್ಲಿಷಿನ ಫಾರ್ಮುಗಳನ್ನು ಓದಿ ಹೇಳಲು ನಾನು ಜೊತೆಗೆ ಹೋಗುತ್ತಿದ್ದೆ. ನಾಲ್ಕನೆಯ ದಿನ ಬಸ್ಸಿನಲ್ಲಿ ಅವರು ಮೆಲ್ಲಗೆ ಕೇಳಿದರು: "ಮಾಷ್ಟ್ರೇ, ಒಬ್ಬೊಬ್ಬ ರೋಗಿಯನ್ನು ಕರಕೊಂಡು ಬಂದರೆ ನಿಮಗೆ ಎಂತಾದರೂ ಸಿಗ್ತದಾ?" ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಮರುದಿನ ಮತ್ತೆ ಜೊತೆಗೆ ಹೋದೆ. ಊರಲ್ಲಿ ಅವರು ಇದನ್ನು ಟಾನ್ಸಿಲ್ ಎಂದೇ ಹೇಳಿಕೊಂಡಿದ್ದರು. ಕ್ಯಾನ್ಸರ್ ಎಂದು ಗೊತ್ತಾದರೆ ತನ್ನ ಕೈಯ ಮೀನನ್ನು ಯಾರೂ ಕೊಳ್ಳುವುದಿಲ್ಲ ಎಂಬ ಭಯ ಅವರಿಗೆ. ಆ ಭಯ ಸುಳ್ಳೆಂದು ಹೇಳುವ ಧೈರ್ಯ ನನಗೂ ಇರಲಿಲ್ಲ.

ರೋಗವೇನೋ ಹೋಯಿತು, ಜೊತೆಗೆ ಬಾಯಿಯ ಉಗುಳೂ ಹೋಯಿತು. ಉಗುಳೆಂಬುದು ಎಷ್ಟು ದೊಡ್ಡ ಐಶ್ವರ್ಯವೆಂದು ಅದನ್ನು ದಾರಿಬದಿಯಲ್ಲಿ ಚೆಲ್ಲಿ ನಡೆಯುವ ನಮಗೆ ತಿಳಿಯದು. ಕುಚ್ಚಲಕ್ಕಿಯ ಅನ್ನ ಗಂಜಿತಿಳಿಯಿಲ್ಲದೆ ಗಂಟಲಿಳಿಯದಾಯಿತು. ತುಟಿ ಹಲ್ಲಿಗೆ ಅಂಟತೊಡಗಿತು. ಎಲ್ಲಕ್ಕಿಂತ ಕಷ್ಟವೆಂದರೆ, ಚೌಕಾಸಿ ರಂಗೇರುತ್ತಿದ್ದಂತೆಯೇ ನಾಲಿಗೆ ಅಂಗುಳಕ್ಕೆ ಕಚ್ಚಿಕೊಂಡು, ಅವರು ನೀರಿನ ಬಾಟಲಿ ತೆಗೆಯುವಷ್ಟರಲ್ಲಿ ಗಿರಾಕಿ ಪಕ್ಕದ ಬುಟ್ಟಿಯ ಬಳಿ ನಿಂತಿರುತ್ತಿದ್ದ. ಬಾಯಿಯಿಂದಲೇ ಬದುಕು ಕಟ್ಟಿಕೊಂಡ ಹೆಂಗಸಿಗೆ ಬಾಯಿಯೇ ಕೈಕೊಟ್ಟಿತ್ತು.

ಮಣಿಪಾಲದ ಹಲ್ಲಿನ ಡಾಕ್ಟರು, ಝೀಟಾ ಎಂಬ ಚಿಕ್ಕ ಪ್ರಾಯದ ಹೆಂಗಸು, ಇದನ್ನೆಲ್ಲ ಮೊದಲೇ ಹೇಳಿದ್ದರು. ರೇಡಿಯೇಶನ್ ಸುರುವಾಗುವ ಮುಂಚೆಯೇ ಹಲ್ಲಿನ ಅಚ್ಚು ತೆಗೆದು, ಮೇಲಿನ ಸಾಲಿಗೊಂದು, ಕೆಳಗಿನ ಸಾಲಿಗೊಂದು ಪ್ಲಾಸ್ಟಿಕ್ಕಿನ ಕವಚ ಮಾಡಿಸಿ, ಅದರೊಳಗೆ ಹಚ್ಚಲು ಫ್ಲೋರೈಡಿನ ಜೆಲ್ ಕೊಟ್ಟಿದ್ದರು. ದಿನಕ್ಕೊಮ್ಮೆ ಹಲ್ಲುಜ್ಜಿದ ಮೇಲೆ ಐದು ನಿಮಿಷ ಕಚ್ಚಿಕೊಂಡು ಕೂರಬೇಕು. ಆಮೇಲೆ ಉಗಿಯಬೇಕು, ಅರ್ಧ ಗಂಟೆ ಏನೂ ತಿನ್ನಬಾರದು. ರೇಡಿಯೇಶನ್ ಮುಗಿದ ದಿನ ಅವರು ಹೇಳಿದ್ದು ಇದು: "ಅಕ್ಕ, ನಿಮ್ಮ ದವಡೆಯ ಎಲುಬಿಗೆ ಕರೆಂಟು ಬಿದ್ದಿದೆ. ಇನ್ನು ಹಲ್ಲು ಕಿತ್ತರೆ ಆ ಗಾಯ ಮಾಗದೆ ಎಲುಬೇ ಕೊಳೆಯಬಹುದು. ಇಲ್ಲಿ ಕೇಳದೆ ಎಲ್ಲಿಯೂ ಹಲ್ಲು ಕೀಳಿಸಬೇಡಿ." ರೇಡಿಯೇಶನ್ನಿಗೆ ನಮ್ಮ ಕಡೆ ಕರೆಂಟು ಎಂದೇ ಹೇಳುವುದು. ಮೋಹಿನಿಯಕ್ಕ ತಲೆಯಾಡಿಸಿ ಬಂದರು. ಆ ತಲೆಯಾಟವನ್ನು ನಾನು ಅಂದೇ ಸಂಶಯಿಸಬೇಕಿತ್ತು.

ಮನೆಗೆ ಬಂದವರು ಜೆಲ್ಲನ್ನು ಪರೀಕ್ಷೆಗೆ ಒಡ್ಡಿದರು. ಮೀನಿನವರಲ್ಲಿ ಒಂದು ನಂಬಿಕೆಯುಂಟು: ನೊಣ ಕೂರದ ಮೀನಿಗೆ ಹೆಣ ಕೆಡದಂತೆ ಹಾಕುವ ಔಷಧಿ ಹಾಕಿರುತ್ತಾರೆ, ಅದನ್ನು ಮುಟ್ಟಬಾರದು. ಮೋಹಿನಿಯಕ್ಕ ಎರಡು ಬೂತಾಯಿ ಮೀನು ತೆಗೆದುಕೊಂಡು, ಒಂದಕ್ಕೆ ಜೆಲ್ ಬಳಿದು, ಇನ್ನೊಂದನ್ನು ಹಾಗೇ ಬಿಟ್ಟು, ಅಂಗಳದ ಕಲ್ಲಿನ ಮೇಲಿಟ್ಟು ಕಾದರು. ಬಳಿಯದ ಬೂತಾಯಿಗೆ ನೊಣ ಮುತ್ತಿದವು. ಬಳಿದದ್ದರ ಕಡೆ ಒಂದೂ ಸುಳಿಯಲಿಲ್ಲ. "ನೋಡಿ ಮಾಷ್ಟ್ರೇ, ನೊಣಕ್ಕೆ ಬೇಡದ್ದು ನನ್ನ ಬಾಯಿಗೆ ಆಗ್ತದಾ?" ಎಂದು ವಿಜಯೋತ್ಸಾಹದಿಂದ ಹೇಳಿದರು. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ನಕ್ಕು ಸುಮ್ಮನಾದೆ. ಮದ್ದು ನಿಂತಿತು.

ಬಾಯಿ ಒಣಗುವುದು ಮಾತ್ರ ನಿಲ್ಲಲಿಲ್ಲ. ಅವರ ಪಾಡು ನೋಡಲಾರದೆ ಒಂದು ದಿನ ಹಿತ್ತಲಿನ ಪುನರ್ಪುಳಿ ಹಣ್ಣಿನ ಒಣಸಿಪ್ಪೆಯನ್ನು ಒಂದು ಡಬ್ಬಿ ತುಂಬ ಕೊಟ್ಟು, "ಒಂದೊಂದು ಚೂರು ಕೆನ್ನೆಯಲ್ಲಿಟ್ಟುಕೊಳ್ಳಿ ಅಕ್ಕ, ಹುಳಿಗೆ ನೀರೂರುತ್ತದೆ" ಎಂದೆ. ಎಂದಿನ ಪ್ರಶ್ನೆಗಾಗಿ ಕಾದೆ. ಬರಲಿಲ್ಲ. ಅವರು ಡಬ್ಬಿಯನ್ನು ಮೂಸಿ ಸಹ ನೋಡದೆ ಸೆರಗಿನಲ್ಲಿ ಕಟ್ಟಿಕೊಂಡರು. ಆ ದಿನ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಡಾಕ್ಟರನ್ನೂ ಸರಕಾರವನ್ನೂ ಸ್ವಂತ ಮಗಳನ್ನೂ ನಂಬದ ಹೆಂಗಸು ನನ್ನನ್ನು ನಂಬಿದ್ದರು.

ಎಂಟು ತಿಂಗಳಲ್ಲಿ ಅವರ ಹಲ್ಲುಗಳು ವಸಡಿನ ಅಂಚಿನಲ್ಲಿ ಕಂದುಬಣ್ಣಕ್ಕೆ ತಿರುಗಿ, ಒದ್ದೆಯಾದ ಸೀಮೆಸುಣ್ಣದ ಹಾಗೆ ಉದುರತೊಡಗಿದವು. ಕೆಳದವಡೆಯ ಒಂದು ಹಲ್ಲಂತೂ ಅವರನ್ನು ಮಲಗಲು ಬಿಡಲಿಲ್ಲ. ಮಣಿಪಾಲಕ್ಕೆ ಹೋದರೆ ಜೆಲ್ ಯಾಕೆ ಹಚ್ಚಲಿಲ್ಲವೆಂದು ಕೇಳುತ್ತಾರೆ. ಕಾಪುವಿನಲ್ಲೋ ಉಡುಪಿಯಲ್ಲೋ ತೋರಿಸಿದರೆ ಊರಿಗೆಲ್ಲ ಗುಟ್ಟು ತಿಳಿಯುತ್ತದೆ. ಹಾಗಾಗಿ ಯಾರೂ ಪರಿಚಯದವರಿಲ್ಲದ ಕಾರ್ಕಳಕ್ಕೆ ಹೋಗಿ ಕೀಳಿಸುವುದೆಂದು ಅವರೇ ನಿಶ್ಚಯಿಸಿದರು. "ನೀವು ಬರುವುದಾದರೆ ಬನ್ನಿ. ಕರೆಂಟಿನ ವಿಷಯ ಮಾತ್ರ ಬಾಯಿ ಬಿಡ್ಲಿಕ್ಕಿಲ್ಲ." ಡಾಕ್ಟರ ಎಚ್ಚರಿಕೆ ನನಗೆ ನೆನಪಿತ್ತು, ಅದನ್ನು ನೆನಪಿಸಿಯೂ ನೋಡಿದೆ. "ಅದು ಅವರು ಹೆದರಿಸ್ಲಿಕ್ಕೆ ಹೇಳುವುದು" ಎಂದರು. ನಾಚಿಕೆಯಿಂದಲೇ ಬರೆಯುತ್ತೇನೆ, ನಾನು ಸುಮ್ಮನೆ ಬಸ್ಸು ಹತ್ತಿದೆ.

ಆ ಕ್ಲಿನಿಕ್ಕಿನ ತರುಣ ಡಾಕ್ಟರ ಬಾಗಿಲಲ್ಲಿ ಸರದಿ ಉದ್ದವಿತ್ತು. ಅವಸರದಲ್ಲಿ ದೀಪ ಹಾಕಿ, ಬಾಯೊಳಗೆ ಒಮ್ಮೆ ಇಣುಕಿ, "ಎಲ್ಲ ಹಾಳಾಗಿದೆ, ಇದನ್ನು ತೆಗೆದುಬಿಡುವ, ಐದೇ ನಿಮಿಷ" ಎಂದು ಸೂಜಿ ಕೈಗೆತ್ತಿಕೊಂಡರು. ಮೋಹಿನಿಯಕ್ಕ ಕುರ್ಚಿಯಿಂದಲೇ ಕಣ್ಣು ಹೊರಳಿಸಿ ಅವರನ್ನು ನೋಡಿದರು.

"ನನಗೆ ಸಕ್ಕರೆ ಕಾಯಿಲೆ ಉಂಟಾ ಅಂತ ಕೇಳುವುದಿಲ್ವಾ?"

"ಉಂಟಾ?"

"ಇಲ್ಲ. ಆದರೆ ನೀವು ಕೇಳಲಿಲ್ಲ." ಅವರು ಎದ್ದು ಕೂತು ಎದೆಯ ಮೇಲೆ ಹೊದಿಸಿದ್ದ ಕ್ಲಿನಿಕ್ಕಿನ ಬಟ್ಟೆಯನ್ನು ತೆಗೆದು ಮಡಚಿಟ್ಟರು. ಹೊರಗೆ ಬಂದು ನನಗೆ ಹೇಳಿದರು: "ಆ ಹುಡುಗಿ ಮಣಿಪಾಲದಲ್ಲಿ ನೂರು ಪ್ರಶ್ನೆ ಕೇಳಿ ತಲೆ ತಿಂದಳು. ಇವ ಒಂದನ್ನೂ ಕೇಳ್ಲಿಲ್ಲ ಮಾರಾಯ್ರೆ. ನೋಡದೆ ತೆಗೊಳ್ಳುವವ ಮೀನಿನವನೇ ಅಲ್ಲ." ಕಾರ್ಕಳದಿಂದ ನೇರ ಮಣಿಪಾಲದ ಬಸ್ಸು ಹಿಡಿದೆವು.

ಝೀಟಾ ಬಹಳ ಹೊತ್ತು ನೋಡಿದರು. "ಬಾಯಲ್ಲಿ ಹುಳಿ ಎಂತಾದರೂ ಇಟ್ಟುಕೊಳ್ತೀರಾ?"

"ಎಂತಕ್ಕೆ?" ಎಂದರು ಮೋಹಿನಿಯಕ್ಕ, ನನ್ನ ಕಡೆ ನೋಡದೆ. ಅವರು ನನ್ನನ್ನು ಕಾಪಾಡುತ್ತಿದ್ದಾರೆಂದು ಅರ್ಥವಾಗಿ ನಾಚಿಕೆಯಿಂದ ಕುಗ್ಗಿಹೋದೆ. ಪುನರ್ಪುಳಿ ಕೊಟ್ಟವನು ನಾನೆಂದು ಒಪ್ಪಿಕೊಂಡೆ. ಡಾಕ್ಟರು ಬೈಯಲಿಲ್ಲ. "ಹುಳಿಯನ್ನು ಹಲ್ಲಿನಿಂದ ತೊಳೆಯುವುದೇ ಉಗುಳು ಸರ್. ಇವರಿಗೆ ಅದೇ ಇಲ್ಲ. ಹುಳಿ ಅಲ್ಲೇ ಕೂತು ತಿಂದಿತು." ಬೈದಿದ್ದರೆ ಚೆನ್ನಾಗಿತ್ತು.

ನೊಣದ ಕತೆ ಕೇಳಿ ಅವರು ನಗಲೂ ಇಲ್ಲ. ಜೆಲ್ಲನ್ನು ತಮ್ಮ ಹಲ್ಲಿಗೇ ಹಚ್ಚಿಕೊಂಡು, ಗಡಿಯಾರ ನೋಡುತ್ತ ಐದು ನಿಮಿಷ ಕೂತು, ಉಗಿದರು. "ನೀವು ಉಗಿದಿರಿ, ನಾನು ನೋಡಿದೆ!" ಎಂದರು ಮೋಹಿನಿಯಕ್ಕ. "ಉಗಿಯಲಿಕ್ಕೇ ಇರುವುದು ಅಕ್ಕ, ನುಂಗಲಿಕ್ಕಲ್ಲ." ಅರ್ಧ ನಂಬಿಕೆ ಬಂತು, ಅವರ ಮಟ್ಟಿಗೆ ಅದು ಬಹಳ. ನೋವಿನ ಹಲ್ಲನ್ನು ಕೀಳದೆ, ಬೇರು ಶುದ್ಧ ಮಾಡಿ, ಮೇಲ್ಭಾಗವನ್ನು ವಸಡಿನ ಮಟ್ಟಕ್ಕೆ ಸವರಿ ಬಿಟ್ಟರು. ಉಳಿದವುಗಳಲ್ಲಿ ಆದಷ್ಟನ್ನು ತುಂಬಿಸಿದರು. ಎಲುಬು ಸದ್ಯಕ್ಕೆ ಕ್ಷೇಮ. ಈಗ ಮೋಹಿನಿಯಕ್ಕ ದಿನವೂ ಕವಚ ಕಚ್ಚಿ ಕೂರುತ್ತಾರೆ, ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಅಗಿಯುತ್ತಾರೆ, ಗುಟುಕು ಗುಟುಕಾಗಿ ನೀರು ಕುಡಿಯುತ್ತಾರೆ. ಚೌಕಾಸಿಯನ್ನು ಮೂರೇ ಮಾತಿನಲ್ಲಿ ಮುಗಿಸಲು ಕಲಿತಿದ್ದಾರೆ.

ಅಂದು ಮರಳುವ ಬಸ್ಸಿನಲ್ಲಿ ನಾನು ಕೇಳಿದೆ: "ಅಕ್ಕ, ಎಲ್ಲರನ್ನೂ ಕೇಳುವ ನೀವು ಪುನರ್ಪುಳಿ ಕೊಟ್ಟಾಗ ನನ್ನನ್ನೇಕೆ ಕೇಳಲಿಲ್ಲ?"

ಅವರು ಒಂದು ಗುಟುಕು ನೀರು ಕುಡಿದು ನಾಲಿಗೆಯನ್ನು ಬಿಡಿಸಿಕೊಂಡರು. "ಎಲ್ಲರ ಮೇಲೂ ಸಂಶಯ ಮಾಡಿದರೆ ಮಾಷ್ಟ್ರೇ, ಕೂತುಕೊಳ್ಳಲಿಕ್ಕೆ ಒಂದು ಜಾಗ ಬೇಡವಾ?"

ಸಂಶಯದ ಮನುಷ್ಯರಲ್ಲಿ ನಂಬಿಕೆಯಿಲ್ಲವೆಂದು ನಾವು ಸುಲಭವಾಗಿ ತಿಳಿದುಕೊಳ್ಳುತ್ತೇವೆ. ನಿಜವಾಗಿ, ನಾವು ದಾರಿಯಲ್ಲಿ ಸಿಕ್ಕವರಿಗೆಲ್ಲ ಹಂಚಿ ಮರೆತುಬಿಡುವ ನಂಬಿಕೆಯನ್ನು ಅವರು ಜೀವಮಾನವೆಲ್ಲ ಕೂಡಿಟ್ಟು, ಒಂದೇ ಒಂದು ಕಡೆ ಪೂರ್ತಿಯಾಗಿ ಇಟ್ಟುಬಿಡುತ್ತಾರೆ. ಅಂಥವರು ಆರಿಸಿಕೊಂಡದ್ದು ತನ್ನನ್ನೇ ಎಂದು ತಿಳಿದ ದಿನ ಮನುಷ್ಯನಾದವನು ಹೆದರಬೇಕು. ನಾನು ಹೆಮ್ಮೆಪಟ್ಟೆ.